ಮೂರು ಕಾಲಿನ ಮದುಮಗ

ನಾಗಲಿಂಗ,

ನೀನಿರುವ ಬಾದಾಮಿಗೆ ಇಲ್ಲಿಂದ ದಿನವೂ ಬಸ್ಸಿದೆ. ಈ ಪತ್ರ ಮಾತ್ರ ಹತ್ತುವುದಿಲ್ಲ.

ನಾವಿಬ್ಬರೂ ನಡೆಸುತ್ತಿದ್ದ ಮದುವೆ-ವಿಡಿಯೋ ಅಂಗಡಿಗೆ ಹೊಸ ಕ್ಯಾಮೆರಾ ಬೇಕೆಂದಾಗ ನೀನು, ‘ಊರ ಮಂದೀನ ಕೇಳೂಣು’ ಅಂದಿದ್ದೆ. ‘ಭಿಕ್ಷಾ ಬೇಡೂದಿದ್ರ ನೀನ ಬೇಡಲೇ’ ಎಂದೆ ನಾನು. ಮರುದಿನದಿಂದ ನೀನು ಬರಲಿಲ್ಲ.

ಈಗ ನಾನೇ ಮೊಬೈಲಿನಲ್ಲಿ ಚಂದಾ ಎತ್ತುವ ಲಿಂಕ್ ಹರಿಬಿಟ್ಟೆ. ಲಿಂಗನನ್ನು ಬಿಟ್ಟವನಿಗೆ ಲಿಂಕೇ ಗತಿ! ನಮ್ಮ ಇಳಕಲ್ಲಿನಲ್ಲಿ ಒಬ್ಬರೂ ಒತ್ತಲಿಲ್ಲ.

‘ಒತ್ತಿದ್ರ ನಮ್ಮ ಹೆಸರು ಯಾರು ಕೂಗ್ತಾರೋ? ಮದವ್ಯಾಗ ಉಡುಗೊರಿ ಕೊಟ್ಟವ್ರ ಹೆಸರು ಕೂಗ್ತಾರಲ್ಲ, ಹಂಗ ಆಯಾರ ಇಡ್ರಿ’ ಎಂದಳು ಸೀರೆ ನೇಯುವ ಸಾವಿತ್ರೆವ್ವ.

ನಿನ್ನೆ ಗುಡಿಯ ಪೌಳಿಯಲ್ಲಿ, ನೀನು ಬಿಟ್ಟುಹೋದ ಟ್ರೈಪಾಡಿಗೆ ರುಮಾಲು ಸುತ್ತಿ, ಬಾಸಿಂಗ ಕಟ್ಟಿ, ವರನಂತೆ ನಿಲ್ಲಿಸಿದೆವು. ‘ಮೂರ ಕಾಲದಾವ, ಓಡಿಹೋಗಾಂವಲ್ಲ ಬಿಡ್ರಿ’ ಎಂದು ಹೆಂಗಸರು ನಕ್ಕರು. ನಾವಿಬ್ಬರು ಯಾರ್ಯಾರ ಮದುವೆಯ ವಿಡಿಯೋ ತೆಗೆದಿದ್ದೆವೋ ಅವರೆಲ್ಲ ಬಂದು ಆಯಾರದ ದುಡ್ಡು ಕೊಟ್ಟರು. ಒಬ್ಬೊಬ್ಬರ ಹೆಸರನ್ನೂ ಮೈಕಿನಲ್ಲಿ ಕೂಗಿದೆ. ಕ್ಯಾಮೆರಾ ಬರುವುದು ಖಾತ್ರಿಯಾಯಿತು. ನೀನು ಊರನ್ನು ಓದಿಕೊಂಡಷ್ಟು ನಾನು ಕಾಲೇಜಿನಲ್ಲಿ ಏನನ್ನೂ ಓದಲಿಲ್ಲ ಮಾರಾಯ.

ಕಡೆಗೆ ಸಾವಿತ್ರೆವ್ವ ಅಕ್ಕಿಕಾಳು ಹಿಡಿದು ಕೇಳಿದಳು: ‘ವರನ ಕಡಿಯವ್ರು ಯಾರ್ರಿ? ಮುಂದ ಬರ್ರಿ.’

ಮೈಕಿನಲ್ಲಿ ನಿನ್ನ ಹೆಸರು ಕೂಗಿದೆ. ಸ್ವಲ್ಪ ತಡೆದು, ಇನ್ನೊಮ್ಮೆ ಕೂಗಿದೆ.