ಜುಂಜಮ್ಮ ಒರೆಸಿದ ನೆಲ

೨ ಮಾರ್ಚ್ ೧೯೭೬, ಮಂಗಳವಾರ

ಬೆಳಗಿನಿಂದ ಮೂರು ರೇಡಿಯೊ. ಎರಡರಲ್ಲಿ ಸೆಲ್ ಸೋರಿ ತಗಡು ತಿಂದಿದೆ. ಮೂರನೆಯದರಲ್ಲಿ ಜಿರಲೆ ಸಂಸಾರ. ರಿಪೇರಿಗೆ ತಂದವನಿಗೆ ಹೇಳಿದರೆ ನನ್ನ ಅಂಗಡಿಯ ಜಿರಲೆ ಅಂತಾನೆ!

ಮಧ್ಯಾಹ್ನ ಗನ್ ಬಂತು. ಬಿಸಿಗಾಳಿ ಊದುವ ಗನ್. ಲಾರಿ ಓಡಿಸುವ ಶಿವಕುಮಾರಪ್ಪ ಬೆಂಗಳೂರಿನ ಗುಜರಿಯಲ್ಲಿ ಹುಡುಕಿ ತಂದ. ಜರ್ಮನಿಯ ಹಳೇ ಮಾಲು. ಮೈಯೆಲ್ಲ ಕಬ್ಬಿಣ, ಹಿಡಿಕೆ ಮಾತ್ರ ಕರೆಂಟ್ ಹರಿಯದ ಬೇಕಲೈಟ್. ಪ್ಲಗ್ ಇಲ್ಲ, ಯಾರೋ ವೈರಿನ ತುದಿ ಕತ್ತರಿಸಿದ್ದಾರೆ. ಐರನ್ ಹಿಡಿದು ಒಂದೊಂದೇ ಬೆಸುಗೆ ಬಿಡಿಸುತ್ತ ಕೂರುವುದು ತಪ್ಪುತ್ತದೆ. ಇದರ ಗಾಳಿಗೆ ಎಲ್ಲ ಒಟ್ಟಿಗೆ ಕರಗುತ್ತವಂತೆ. ಎರಡು ವರ್ಷದ ಆಸೆ.

ಪಾಲುದಾರ ಚಿತ್ತಪ್ಪನಿಗೆ ನಗು. "ಒಲೆ ಊದೋ ಕೊಳವಿಗೆ ಕರೆಂಟ್ ಕೊಟ್ಟವ್ರೆ, ಅಷ್ಟೆ ಕಣಲೇ." ಹಿರಿಯೂರಿನಲ್ಲಿ ಅಂಗಡಿ ಹಾಕಿ ಆರು ವರ್ಷ, ಇಬ್ಬರದೂ ಸಮಪಾಲು. ಆರು ವರ್ಷವೂ ಇವನ ನಗು ಕೇಳಿದ್ದೇನೆ.

೪ ಮಾರ್ಚ್, ಗುರುವಾರ

ಗನ್ನಿಗೆ ಜಾಗ ಮಾಡಿದೆ. ಮೇಜಿನ ಮೇಲೆ ಆಸ್ಬೆಸ್ಟಾಸ್ ಶೀಟು, ಒರಗಿಸಲು ಎರಡು ಇಟ್ಟಿಗೆ. ಪೆಟ್ರೋಲ್ ಬಾಟಲಿ ಹೊರಗೆ ಹೋಯಿತು. ಹೊಗೆ ಹೋಗಲಿ ಅಂತ ಕಿಟಕಿ ಬಿಡಿಸಿದೆ, ತುಕ್ಕು ಹಿಡಿದ ಚಿಲಕಕ್ಕೆ ಕೈ ತರಚಿತು. ರಟ್ಟಿನ ಮೇಲೆ ನಿಯಮ ಬರೆದು ತೂಗುಹಾಕಿದೆ. ಮೊದಲನೆಯದು: ಬಿಚ್ಚಿ ಮೀಟರ್ ಹಿಡಿಯದೆ ಯಾವುದಕ್ಕೂ ಕರೆಂಟ್ ಕೊಡಬಾರದು. ಎರಡನೆಯದು: ರಬ್ಬರ್ ಚಪ್ಪಲಿ ಇಲ್ಲದೆ ಮೇಜಿನ ಹತ್ತಿರ ಬರಬಾರದು.

ಎರಡನೆಯದಕ್ಕೆ ಜಗಳ. "ಅನ್ನ ಕೊಡೋ ಸಾಮಾನು ಮುಂದೆ ಚಪ್ಲಿ ಹಾಕ್ಕಂಡು ಕುಂತ್ಕಳ್ಳಾದಾ? ನನ್ನ ಕೈಲಿ ಆಗಲ್ಲಪ್ಪ" ಅಂದ. ಹಟ್ಟಿಯಲ್ಲಿ ಬೆಳೆದವನು. ಶುಕ್ರವಾರ ಬಂತೆಂದರೆ ಹೆಂಡತಿ ಜುಂಜಮ್ಮ ಬಂದು ನೆಲ ಒರೆಸಬೇಕು, ಇವನು ಐರನ್ನಿಗೂ ಇಕ್ಕಳಕ್ಕೂ ಕುಂಕುಮ ಇಡಬೇಕು. ಹೇಳಿ ಹೇಳಿ ನನಗೆ ಬಾಯಿ ನೋವು ಬಂತು.

೫ ಮಾರ್ಚ್, ಶುಕ್ರವಾರ, ಬೆಳಿಗ್ಗೆ ೮

ಪ್ಲಗ್ ಹಾಕಿದೆ. ವೈರಿನಲ್ಲಿ ಮೂರು ಎಳೆ — ಕೆಂಪು, ಕಪ್ಪು, ಬೂದು. ಕೆಂಪು ಲೈನಿಗೆ, ಕಪ್ಪು ನ್ಯೂಟ್ರಲ್‌ಗೆ, ಬೂದು ಅರ್ತ್‌ಗೆ. ಸ್ವಿಚ್ ಹಾಕಿದರೆ ಗಾಳಿಯೂ ಇಲ್ಲ, ಬಿಸಿಯೂ ಇಲ್ಲ. ಸತ್ತ ಮಾಲು. ಶಿವಕುಮಾರಪ್ಪ ಟೋಪಿ ಹಾಕಿದ. ಸಂಜೆ ಬಿಚ್ಚಿ ನೋಡಬೇಕು, ಈಗ ಪುರುಸೊತ್ತಿಲ್ಲ. ಒಂಬತ್ತರ ಬಸ್ಸಿಗೆ ದುರ್ಗಕ್ಕೆ, ರೇಡಿಯೊ ವಾಲ್ವ್ ತರಲು. ಜುಂಜಮ್ಮ ಬಕೆಟ್ ಹಿಡಿದು ಬಂದಳು...

೧೭ ಮಾರ್ಚ್, ಬುಧವಾರ

ಚಿತ್ತಪ್ಪ ಇಲ್ಲ.

ಹನ್ನೆರಡು ದಿನ ಪುಸ್ತಕ ಮುಟ್ಟಲಿಲ್ಲ. ಇವತ್ತು ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಆ ದಿನ ಮಧ್ಯಾಹ್ನ ಬಸ್ಸಿಳಿದಾಗಲೇ ಅಂಗಡಿ ಮುಂದೆ ಜನ. ಜುಂಜಮ್ಮ ನೆಲ ಒರೆಸಿ ಮುಗಿಸಿದ್ದಳಂತೆ. ಹೊಸ ಸಾಮಾನು, ಮೊದಲ ಶುಕ್ರವಾರ. ಚಿತ್ತಪ್ಪ ಬರಿಗಾಲಲ್ಲಿ ಬಂದು, ಎಡಗೈಯಲ್ಲಿ ಗನ್ನಿನ ಮೈ ಹಿಡಿದುಕೊಂಡು, ಬಲಗೈಯ ಒದ್ದೆ ಬೆರಳಿಂದ ಕುಂಕುಮ ಇಟ್ಟ. ಕೈ ಬಿಡಲಾಗಲಿಲ್ಲ. ಜುಂಜಮ್ಮ ಕಿರುಚಿದಳು. ಪಕ್ಕದ ಟೈಲರ್ ಮಾರಪ್ಪ ಓಡಿ ಬಂದು ಮೈನ್ ಸ್ವಿಚ್ ಆರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಪೊಲೀಸರು ಬರೆದುಕೊಂಡರು — ಒದ್ದೆ ನೆಲ, ಬರಿಗಾಲು, ಆಕಸ್ಮಿಕ. ನನ್ನನ್ನು ಕೇಳಿದರು. ರಟ್ಟಿನ ಮೇಲಿನ ನಿಯಮ ತೋರಿಸಿದೆ. "ಆ ಮಿಷನ್ನು ಓಡ್ತಾನೇ ಇರ್ಲಿಲ್ಲ ಸಾರ್" ಅಂದೆ. ಓಡದ್ದು ಅಂತ ಸ್ವಿಚ್ಚನ್ನೂ ಆರಿಸದೆ ಹೋಗಿದ್ದೆ. ಅದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಚಿತ್ತಪ್ಪನ ತಾಯಿ ಹುಚ್ಚಕ್ಕ ಹೆಣದ ಮುಂದೆಯೇ ಸೊಸೆಯ ಕೂದಲು ಹಿಡಿದಳು. "ನೀರು ಚೆಲ್ಲಿ ನನ್ನ ಮಗನ್ನ ತಿಂದ್ಯಲ್ಲೇ!"

೨೦ ಮಾರ್ಚ್, ಶನಿವಾರ

ಇವತ್ತು ಗನ್ ಬಿಚ್ಚಿದೆ. ನಾಲ್ಕು ಸ್ಕ್ರೂ, ಐದು ನಿಮಿಷದ ಕೆಲಸ.

ಕೆಂಪು ಎಳೆ ಮೋಟರಿಗೆ ಹೋಗಿಲ್ಲ, ಬಿಸಿ ಮಾಡುವ ಕಾಯಿಲಿಗೂ ಹೋಗಿಲ್ಲ. ನೇರ ಕಬ್ಬಿಣದ ಮೈಗೆ ಬಿಗಿದಿದ್ದಾರೆ. ಜರ್ಮನಿಯವರಿಗೆ ಆಗ ಕೆಂಪು ಅಂದರೆ ಅರ್ತ್, ಕಬ್ಬಿಣದ ಮೈಯಿಂದ ನೆಲಕ್ಕೆ ಹೋಗುವ ಎಳೆ. ನಮಗೆ ಕೆಂಪು ಅಂದರೆ ಲೈನ್, ಕರೆಂಟ್ ಬರುವ ಎಳೆ. ನಾನು ಲೈನ್ ತಂದು ಮೈಗೆ ಕಟ್ಟಿದ್ದೆ. ಅದಕ್ಕೇ ಓಡಲಿಲ್ಲ. ಮೈತುಂಬ ಕರೆಂಟ್ ಇಟ್ಟುಕೊಂಡು ಸುಮ್ಮನೆ ಬಿದ್ದಿತ್ತು. ನಾನು ಮುಟ್ಟಿದ್ದು ಹಿಡಿಕೆ, ಕಾಲಲ್ಲಿ ಚಪ್ಪಲಿ. ಉಳಿದೆ.

ನೀರಿಲ್ಲದಿದ್ದರೆ ಬದುಕುತ್ತಿದ್ದನೇನೋ. ಆದರೆ ಆ ನೆಲ ಆರು ವರ್ಷದಿಂದ ಪ್ರತಿ ಶುಕ್ರವಾರ ಒದ್ದೆಯಾಗಿದೆ, ಯಾರೂ ಸತ್ತಿಲ್ಲ. ಕೊಂದವನು ನಾನು. ಬರೆದರೂ ಹಗುರಾಗಲಿಲ್ಲ.

೨೬ ಮಾರ್ಚ್, ಶುಕ್ರವಾರ

ಜುಂಜಮ್ಮ ಅಂಗಡಿಗೆ ಬಂದಿದ್ದಳು. ಒಳಗೆ ಕಾಲಿಡಲಿಲ್ಲ, ಮೆಟ್ಟಿಲ ಕೆಳಗೇ ನಿಂತಳು. ಮೂರು ವರ್ಷದ ಮಗಳು ಸೊಂಟದ ಮೇಲೆ.

"ಅಣ್ಣಾ, ನೀನು ಓದ್ದೋನು. ನಿಜ ಹೇಳು. ನಾನು ನೆಲ ಒರೆಸಿದ್ದಕ್ಕೇ ಆತೇನು?"

ಹೇಳಬೇಕಿತ್ತು. ನಾಲಗೆಯ ತುದಿಯವರೆಗೆ ಬಂದಿತ್ತು. "ಹಣೆಬರ ಕಣಮ್ಮ" ಅಂದೆ. ತಲೆ ಅಲ್ಲಾಡಿಸಿದಳು, ನಂಬಿದವಳ ಹಾಗೆ. "ಅತ್ತೆ ಸೋಮವಾರ ನನ್ನ ತವ್ರಿಗೆ ಕಳಸ್ತಾಳೆ. ಮಗೀನ ಕೊಡಲ್ಲ ಅಂತಾಳೆ. ಗಂಡನ್ನ ತಿಂದೋಳ ಕೈಗೆ ಕೂಸು ಕೊಡಲ್ಲ ಅಂತ. ನಂಗೂ ಹಂಗೇ ಅನ್ಸತ್ತೆ, ಅಣ್ಣ. ನನ್ನ ಕೈನಾಗೆ ಏನೋ ಐತೆ."

ಹೋದ ಮೇಲೆ ಥೂ ಅಂತ ನನಗೆ ನಾನೇ ಉಗಿದುಕೊಂಡೆ. ಹೇಡಿ.

೨೮ ಮಾರ್ಚ್, ಭಾನುವಾರ

ನಿರ್ಧಾರ ಮಾಡಿದ್ದೇನೆ. ನಾಳೆ ಹನ್ನೊಂದಕ್ಕೆ ಜುಂಜಮ್ಮನ ತವರಿಗೆ ಹೋಗುವ ಹೊಳಲ್ಕೆರೆ ಬಸ್ಸು. ಹತ್ತಕ್ಕೇ ಬಸ್ ಸ್ಟಾಂಡಿಗೆ ಹೋಗಿ ಹುಚ್ಚಕ್ಕನ ಎದುರೇ ಹೇಳುತ್ತೇನೆ. ಪೊಲೀಸರು ಬಂದರೆ ಬರಲಿ. ಅಂಗಡಿ ಹೋದರೆ ಹೋಗಲಿ.

೨೯ ಮಾರ್ಚ್, ಸೋಮವಾರ, ಬೆಳಿಗ್ಗೆ ೧೦

ಅಂಗಿ ಹಾಕಿಕೊಂಡಿದ್ದೇನೆ. ಬಸ್ ಸ್ಟಾಂಡ್ ಅಂಗಡಿಯಿಂದ ರಸ್ತೆಯ ಆಚೆಗೇ. ಮೊದಲ ಮಾತು ಹೇಗೆ ಆಡಬೇಕು ಅಂತ ಬರೆದುಕೊಂಡು ಹೋಗೋಣ ಅಂತ ಕೂತೆ.

೧೦-೩೫

ಕಿಟಕಿಯಿಂದ ಕಾಣುತ್ತಿದ್ದಾರೆ. ಮಗು ಹುಚ್ಚಕ್ಕನ ತೋಳಲ್ಲಿದೆ. ಜುಂಜಮ್ಮನ ಕೈಯಲ್ಲಿ ಒಂದು ಗಂಟು. ಒಂದೇ ಮಾತು ಸಾಕು — ತಪ್ಪು ನಂದು, ನೆಲದ್ದಲ್ಲ. ಅಷ್ಟಕ್ಕೆ ಇಷ್ಟು ಬರೆಯಬೇಕೆ?

೧೦-೫೫

ಬಸ್ಸು ಬಂತು. ಹತ್ತುತ್ತಿದ್ದಾಳೆ.

೧೧-೦೫

ಇನ್ನೂ ಹೊರಟಿಲ್ಲ. ಕಂಡಕ್ಟರ್ ಟೀ ಕುಡಿಯುತ್ತಿದ್ದಾನೆ. ಮಗು ಅಳುವುದು ಇಲ್ಲಿಗೇ ಕೇಳಿಸುತ್ತಿದೆ. ಸಮಯ ಇದೆ. ಈ ಸಾಲು ಮುಗಿಸಿ ಎದ್ದು—