ಗೋಡೆಗೆ ಬಂದ ಹೊಳೆ

ಗೋಪಾಳ, ಶಿವಮೊಗ್ಗ
೯ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಮೇಧಾ,

ಹೇಗಿದ್ದೀಯ? ನೆಗಡಿ ಕಡಿಮೆಯಾಯಿತೇ? ಹೊನ್ನಾಳಿಯ ಕ್ಯಾಂಪಿನಲ್ಲಿ ಊಟ ಸರಿಯಾಗಿ ಸಿಗುತ್ತದೋ, ಇಲ್ಲ ಭೂವಿಜ್ಞಾನ ಓದುವವರು ಮಣ್ಣು ತಿಂದೇ ಬದುಕುತ್ತಾರೋ? ನಾನು ಕ್ಷೇಮ. ನಿನ್ನ ಅಪ್ಪನವರೂ ಕ್ಷೇಮ. ಬಿಪಿ, ಸಕ್ಕರೆ, ಹಠ ಮೂರೂ ಯಥಾಸ್ಥಿತಿಯಲ್ಲಿವೆ. ನೀನು ಮನೆಯ ಫೋನ್ ಎತ್ತುವುದನ್ನೇ ಬಿಟ್ಟಿರುವುದರಿಂದ ನಿನ್ನ ಸಹಪಾಠಿ ವಿಷ್ಣುವಿನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಹೊಟ್ಟೆ ತುಂಬ ದೋಸೆ ಹಾಕಿದ್ದೇನೆ, ತಲುಪಿಸದೇ ಇರಲಾರ.

ಗೃಹಪ್ರವೇಶಕ್ಕೆ ನೀನು ಬರಲಿಲ್ಲ. ಬಂದವರೆಲ್ಲ ಮಗಳೆಲ್ಲಿ ಎಂದರು. ನಾನು ಪರೀಕ್ಷೆ ಎಂದೆ, ನಿನ್ನ ಅಪ್ಪ ಜ್ವರ ಎಂದರು. ಒಟ್ಟಿನಲ್ಲಿ ಜ್ವರದಲ್ಲೂ ಪರೀಕ್ಷೆ ಬರೆದ ವೀರವನಿತೆ ಎಂದು ಗೋಪಾಳದ ತುಂಬ ನಿನ್ನ ಕೀರ್ತಿ ಹಬ್ಬಿದೆ. ಹೊಳೆ ಮರಳು ಬೇಡವೆಂದು ನೀನು ಅಂಗಲಾಚಿದ್ದು ನನಗೆ ನೆನಪಿದೆ: "ಅಪ್ಪಾ, ಮರಳಿದ್ರೇನೇ ಹೊಳೇಲಿ ನೀರು ನಿಲ್ಲೋದು. ಅದನ್ನ ಬಗೆದ್ರೆ ಸುತ್ತಲ ಬಾವಿ ಬತ್ತತ್ತೆ, ದಡ ಕುಸಿಯತ್ತೆ. ಎಂ-ಸ್ಯಾಂಡ್ ಹಾಕ್ಸೋಣ." ಅದಕ್ಕೆ ಭದ್ರಾವತಿಯಲ್ಲಿ ಜೀವಮಾನವಿಡೀ ಭೂಗೋಳ ಕಲಿಸಿ ನಿವೃತ್ತರಾದ ಮಹನೀಯರು, "ಎಂ-ಸ್ಯಾಂಡ್ ಅಂದ್ರೆ ಕಲ್ಲುಪುಡಿ ಮಾರಾಯ್ತಿ! ನಾವೇನು ಮನೆ ಕಟ್ತಿದೀವೋ, ಹಲ್ಲುಪುಡಿ ಮಾಡ್ತಿದೀವೋ?" ಎಂದು ತೀರ್ಪಿತ್ತರು. ಅಲ್ಲಿಂದ ನಿಮ್ಮಿಬ್ಬರಿಗೂ ಮಾತಿಲ್ಲ.

ಈಗ ಗಂಭೀರವಾದ ಸುದ್ದಿ. ನಗಬೇಡ. ಹೊಸ ಮನೆಯಲ್ಲಿ ಯಾರೋ ಇದ್ದಾರೆ. ಮಟಮಟ ಮಧ್ಯಾಹ್ನ ಹಜಾರದ ಪಡುವಣ ಗೋಡೆಯಿಂದ ಸರಸರನೆ ಮರಳು ಉದುರುತ್ತದೆ. ಹೋಗಿ ನೋಡಿದರೆ ಗಾರೆಯಲ್ಲಿ ಬಿರುಕಿಲ್ಲ, ನೆಲದ ಮೇಲೆ ಮಾತ್ರ ಒಂದು ಚಿಟಿಕೆ ಒದ್ದೆ ಮರಳು. ಹೊಳೆಯ ಪಾಚಿ ಹಿಡಿದ ಮೆಟ್ಟಿಲಿನ ವಾಸನೆ. ಅದರ ಹಿಂದೆಯೇ, ನಾನು ಸುಳ್ಳು ಹೇಳುವವಳಲ್ಲ, ನಶ್ಯದ ಘಾಟು. ನಮ್ಮ ಮನೆತನದಲ್ಲಿ ನಶ್ಯ ಏರಿಸುತ್ತಿದ್ದವರು ನಿನ್ನ ತಾತ ಒಬ್ಬರೇ. ಅವರು ಹೋಗಿ ಎಷ್ಟು ಕಾಲವಾಯಿತು! ಮರಳು ತಂದ ಲಾರಿಯ ಉಜ್ಜನಪ್ಪ ಗೃಹಪ್ರವೇಶದಲ್ಲಿ ಹೋಳಿಗೆ ಉಂಡ ಖುಷಿಯಲ್ಲಿ ಬಾಯಿಬಿಟ್ಟಿದ್ದ: "ಅಮ್ಮಾರೇ, ಬೇರೆ ಕಡೇದು ಹಾಕ್ಲಿಲ್ಲ ನಾನು. ಹೊಳೆಹೊನ್ನೂರಲ್ಲಿ ನಿಮ್ ಮಾವನೋರ ಬೂದಿ ಬಿಟ್ರಲ್ಲ, ಅದೇ ಜಾಗದ್ದು. ಫಸ್ಟ್ ಕ್ಲಾಸ್ ಮರಳು!" ಹೀಗೆ ಮಾವನವರು ಲಾರಿಯಲ್ಲಿ ಕೂತು, ಜರಡಿಯಲ್ಲಿ ಇಳಿದು, ಸಿಮೆಂಟಿನ ಜೊತೆ ಬೆರೆತು ಮಗನ ಮನೆ ಸೇರಿದ್ದಾರೆ. ನಮ್ಮ ಮದುವೆಯಾದಾಗಿನಿಂದ ಸೊಸೆಯ ಅಡುಗೆಯ ಮೇಲೆ ಕಣ್ಣಿಟ್ಟಿದ್ದವರು, ಈಗ ನಾಲ್ಕೂ ದಿಕ್ಕಿನಿಂದ ನೋಡುತ್ತಿದ್ದಾರೆ.

ನಿನ್ನ ಅಪ್ಪ ಇದನ್ನೆಲ್ಲ ಮೂಢನಂಬಿಕೆ ಎನ್ನುತ್ತಾರೆ. ಆದರೆ ಮೊನ್ನೆ ಕ್ಯಾಲೆಂಡರಿಗೆಂದು ನಾನು ಆ ಗೋಡೆಯ ಹತ್ತಿರ ಮೊಳೆ ಹಿಡಿದು ಹೋದಾಗ ಓಡಿ ಬಂದು ಕೈ ತಡೆದರು. "ಅಲ್ಲಿ ಬೇಡ ಕಣೇ, ಅಪ್ಪನಿಗೆ ಚುಚ್ಚತ್ತೆ." ಆಮೇಲೆ ತಾವೇ ಬೆಚ್ಚಿ, ಪೇಪರಿನಲ್ಲಿ ಮುಖ ಮುಚ್ಚಿಕೊಂಡರು. ಈಗ ಕಾಫಿಯನ್ನು ಆ ಗೋಡೆಗೊರಗಿಯೇ ಕುಡಿಯುತ್ತಾರೆ. "ಗುರುವಾರ ತಿಥಿ. ಹೊಳೆಗೆ ಹೋಗಿ ಅಪ್ಪನ ಹತ್ರ ಮಾತಾಡಿ ಬರ್ತೀನಿ," ಎನ್ನುತ್ತಾರೆ. ನಿನ್ನ ಹೆಸರು ಹೇಳುವುದಿಲ್ಲ. ನಿನ್ನ ಕೋಣೆಯ ಗೋಡೆಗೆ ಮಾತ್ರ ಗುಟ್ಟಾಗಿ ಎಂ-ಸ್ಯಾಂಡ್ ತರಿಸಿದ್ದರಂತೆ, ಮೇಸ್ತ್ರಿ ಹೇಳಿದ.

ರಾತ್ರಿ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗು. ಓದಿದ್ದು ತಲೆಗೆ ಹತ್ತಲಿ, ಉಂಡದ್ದು ಮೈಗೆ ಹತ್ತಲಿ.

ಇಂತು ನಿನ್ನ ಅಮ್ಮ,
ಸತ್ಯಭಾಮಾ

ತಾ.ಕ.: ವಿಷ್ಣು ಚಪ್ಪಲಿ ಮೆಟ್ಟಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಅಪ್ಪ ಪ್ರತಿ ತಿಥಿಗೂ ಬೂದಿ ಬಿಟ್ಟ ಜಾಗಕ್ಕೇ ಹೊಳೆಯೊಳಗೆ ನಡೆದುಹೋಗಿ, ಎದೆಮಟ್ಟದ ನೀರಿನಲ್ಲಿ ಕಣ್ಣುಮುಚ್ಚಿ ಮುಳುಗುತ್ತಾರೆ. ಶುಕ್ರವಾರ ವಿಷ್ಣು ಆಳ ಅಳೆಯಲು ಅಲ್ಲಿ ಬಿದಿರಿನ ಗಳ ಇಳಿಸಿ ನೋಡಿದರೆ ಇಡೀ ಗಳ ಮುಳುಗಿದರೂ ತಳ ಸಿಗಲಿಲ್ಲವಂತೆ. ಮೇಲೆ ನೀರು ಮೊದಲಿನ ಹಾಗೆಯೇ ಕಾಣುತ್ತದಂತೆ. ನಾನು ಹೇಳಿ ನೋಡಿದೆ. "ಅಲ್ಲಿಯ ತಳ ನನ್ನ ಕಾಲಿಗೆ ಗೊತ್ತು," ಎಂದರು. ಆ ತಳ ಈಗ ನಮ್ಮ ಗೋಡೆಯಲ್ಲಿದೆ, ಮೇಧಾ. ಅವರಿಗೆ ಈಜು ಬಾರದು. ಗುರುವಾರ ಬೆಳಿಗ್ಗೆ ಅವರಿಗಿಂತ ಮೊದಲೇ ಹೊಳೆಹೊನ್ನೂರಿಗೆ ಹೋಗಿ ಹೊಳೆಯ ಮೆಟ್ಟಿಲ ಮೇಲೆ ನಿಂತಿರು. ರಾಜಿಯಾಗಬೇಡ, ಜಗಳ ತೆಗೆ. ನಿನ್ನನ್ನು ಮಾತಿನಲ್ಲಿ ಗೆಲ್ಲದೆ ಅವರು ನೀರಿಗಿಳಿಯುವವರಲ್ಲ.