ಸೀಸೆಯ ಏಳು ತಲೆಮಾರು

ಪಶುಲಸಿಕೆ ಪರೀಕ್ಷಾ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ತಮ್ಮ ಕಚೇರಿಗೆ ಓದಲು ಬರುತ್ತದೆ ಎಂಬ ಸಂಗತಿ ತಿಳಿದು ನಮ್ಮ ನರಿನ್ ಕಣಿವೆಯೇ ಪುಳಕಗೊಂಡಿದೆ. ತಾವು ಕಳಿಸಿದ ಪತ್ರ ನನ್ನೆದುರಿಗಿದೆ. ‘ಲಸಿಕೆಯ ತಳಿಯ ಗುರುತು: ದೃಢಪಟ್ಟಿದೆ. ಪರೀಕ್ಷಾ ವಿಧಾನ: ಸೀಸೆಯ ಲೇಬಲ್ ಓದಲಾಯಿತು. ತಳಿಯ ಸ್ಥಿರತೆ: ಬದಲಾವಣೆ ಕಂಡುಬಂದಿಲ್ಲ.’ ಕಂಡುಬರುವುದಾದರೂ ಹೇಗೆ ಸ್ವಾಮಿ, ನೋಡಿದವರು ಯಾರು? ತಾವು ಓದಬೇಕಾಗಿದ್ದದ್ದು ಸೀಸೆಯೊಳಗಿನ ಜೀವಾಣುವಿನ ಜೀನನ್ನು. ಓದಿದ್ದು ಅಂಟುಕಾಗದವನ್ನು. ಈ ವ್ಯತ್ಯಾಸದ ನಡುವೆ ನನ್ನ ಅಕ್ಕ ಬುರುಲ್ಚಾ ಜ್ವರದಲ್ಲಿ ಬೇಯುತ್ತಿದ್ದಾಳೆ.

ಶರತ್ಕಾಲದಲ್ಲಿ ತಮ್ಮ ಕಚೇರಿಯವರು ಬಂದು, ಕುರಿ ದಿನ ತುಂಬುವ ಮೊದಲೇ ಕಂದು ಹಾಕುವ ರೋಗ ಬಾರದಿರಲೆಂದು ಅಕ್ಕನ ಕುರಿಗಳ ಕಣ್ಣಿಗೆ ಲಸಿಕೆಯ ಹನಿ ಬಿಟ್ಟರು. ಕುರಿಗಳ ತಲೆ ಹಿಡಿದುಕೊಂಡವಳು ಅಕ್ಕ. ಚಳಿಗಾಲದಲ್ಲಿ ಹನ್ನೊಂದು ಕುರಿ ಕಂದು ಹಾಕಿದವು. ಆ ಸತ್ತ ಮರಿಗಳನ್ನು ಬರಿಗೈಯಲ್ಲಿ ಎತ್ತಿದವಳೂ ಅಕ್ಕನೇ. ಆಮೇಲೆ ಅವಳಿಗೆ ಸಂಜೆಯಾದರೆ ಜ್ವರ, ಬೆಳಗಾದರೆ ಬೆವರು, ಮಂಡಿ ಸೊಂಟ ಹಿಡಿದುಕೊಂಡು ನರಳಾಟ.

ಜಿಲ್ಲಾಸ್ಪತ್ರೆಯ ಡಾಕ್ಟರ್ ಅಯ್ಚೂರೆಕ್ ರಕ್ತದಿಂದ ಜೀವಾಣು ಬೆಳೆಸಿ ನೋಡಿ, ಕುರಿಗಳ ಆ ರೋಗವೇ ಎಂದರು. ಸ್ಟ್ರೆಪ್ಟೋಮೈಸಿನ್ ಚುಚ್ಚಿದರು. ಜ್ವರ ಇಳಿಯಿತು, ವಾರ ಕಳೆದು ಮತ್ತೆ ಏರಿತು.

“ನೋಡಿ, ಲಸಿಕೆಗೆ ಅಂತ ಸಾಕಿರೋ ಜೀವಾಣು ತಳಿ ಈ ಇಂಜೆಕ್ಷನ್ನಿಗೆ ಜಗ್ಗಲ್ಲ. ಅದರ ಹುಟ್ಟುಗುಣಾನೇ ಅದು,” ಎಂದರು ಡಾಕ್ಟರು. “ಅದೇ ಆಗಿದ್ರೆ ಔಷಧಿ ಬದಲಾಯಿಸಲೇಬೇಕು. ಆದ್ರೆ ಆ ಇನ್ನೊಂದು ಔಷಧಿ ಲಿವರ್ ಸುಡುತ್ತೆ. ಇವರ ಲಿವರ್ ಮೊದಲೇ ಅಷ್ಟಕ್ಕಷ್ಟೆ. ಹೊರಗೆ ತಾನಾಗೇ ಹರಡೋ ಕಾಡುತಳಿಯಾದ್ರೆ ಇದೇ ಇಂಜೆಕ್ಷನ್ ಮುಂದುವರಿಸಬಹುದು. ಯಾವುದು ಅಂತ ಗೊತ್ತಿಲ್ದೆ ನಾನು ಕೈ ಹಾಕಲ್ಲ. ಜೀನ್ ಪರೀಕ್ಷೆ ಮಾಡಿಸ್ಕೊಂಡ್ ಬನ್ನಿ, ಮೂರು ದಿನದ ಕೆಲಸ.”

ಅದರಂತೆ ರಕ್ತದಿಂದ ಬೆಳೆಸಿದ ಜೀವಾಣು, ಅದೇ ಲಸಿಕೆಯ ಉಳಿದ ಸೀಸೆ, ಅದೇ ಅಕ್ಕ, ಮೂರನ್ನೂ ತಮ್ಮ ಸನ್ನಿಧಿಗೆ ತಂದೆ. ಜೀನ್ ಓದುವ ಯಂತ್ರದ ದರ್ಶನವೂ ಆಯಿತು. ಅದಕ್ಕೆ ಕಸೂತಿ ಬಟ್ಟೆ ಹೊದಿಸಿ, ಮೇಲೆ ಚಹಾದ ಕೆಟಲ್ ಇಟ್ಟಿದ್ದಿರಿ. ಯಂತ್ರ ಬೆಚ್ಚಗಿರಲಿ ಎಂಬ ತಮ್ಮ ಅಂತಃಕರಣ ದೊಡ್ಡದು.

ಆಗ ತಾವು ಅಕ್ಕನಿಗೆ ಹೇಳಿದಿರಿ: “ಅಕ್ಕಾ, ನಿಮ್ಮ ಪಾಸ್‌ಪೋರ್ಟಲ್ಲಿ ಹೆಸರಿದೆ. ನಾವು ನಂಬ್ತೀವಾ ಇಲ್ವಾ? ಸೀಸೆ ವಿಷ್ಯಾನೂ ಅಷ್ಟೇ.”

ಅಕ್ಕ ಗೋಡೆ ಹಿಡಿದುಕೊಂಡೇ ಎದ್ದಳು. “ಆ ಪಾಸ್‌ಪೋರ್ಟಿನ ಫೋಟೋಗೆ ಇಪ್ಪತ್ತು ವರ್ಷ ಆಯ್ತು ಕಣೋ ಮಗಾ. ಅದರಲ್ಲಿರೋಳು ತಡಿ ಇಲ್ದೆ ಕುದುರೆ ಓಡಿಸ್ತಿದ್ಳು. ನಿನ್ನೆದುರಿಗೆ ನಿಂತಿರೋಳು ನಿನ್ನ ಆರು ಮೆಟ್ಟಿಲು ಹತ್ತೋಕೆ ಮೂರು ಸಲ ಕೂತ್ಲು. ಹೆಸರು ಅದೇ. ಹೆಂಗಸು ಅವಳೇನಾ, ಸರಿಯಾಗಿ ನೋಡಿ ಹೇಳು.”

ತಾವು ನೋಡಲಿಲ್ಲ. ಮುದ್ರೆ ಹುಡುಕುತ್ತಿದ್ದಿರಿ.

ಮಾನ್ಯರೇ, ತಳಿಯ ಸ್ಥಿರತೆ ಎಂದರೆ ಇಷ್ಟೇ. ಕೊಳವೆಯಿಂದ ಕೊಳವೆಗೆ ಪೀಳಿಗೆ ದಾಟಿಸುತ್ತ ಹೋದ ಹಾಗೆ ಜೀವಾಣು ತನ್ನ ಮೂಲಗುಣ ಬಿಟ್ಟು ಬೇರೆಯದೇ ಆಗಿಬಿಡಬಹುದು. ಸಾಧುವಾಗಿದ್ದದ್ದು ಕಚ್ಚಲು ಕಲಿಯಬಹುದು. ಲೇಬಲ್ ಮಾತ್ರ ಕದಲುವುದಿಲ್ಲ. ತಮ್ಮ ಕಚೇರಿಯಲ್ಲಿ ಸ್ಥಿರತೆಗೆ ನಾನು ಸಾಕ್ಷಿ ಹೇಳಬಲ್ಲ ವಸ್ತು ಇನ್ನೊಂದಿದೆ, ತಮ್ಮ ಕುರ್ಚಿ.

ವಂಶದ ವಿಚಾರಣೆ ತಮಗೆ ಬಾರದ ವಿದ್ಯೆಯೇ? ಹೋದ ವರ್ಷ ತಮ್ಮ ಮಗಳ ನಿಶ್ಚಿತಾರ್ಥಕ್ಕೆ, ಜನರನ್ನು ನಗಿಸಲೆಂದು ಹಾಸ್ಯಗಾರನಾದ ನನ್ನನ್ನೂ ಕರೆದಿದ್ದಿರಿ. ಕುರಿಯ ಬಾಲದ ಕೊಬ್ಬು, ಲಿವರ್ ತಟ್ಟೆಗೆ ಬಂದಿದ್ದವು. ಬೀಗರು ಅವನ್ನು ಒಮ್ಮೆ ತಿಂದರೆ ನಮ್ಮಲ್ಲಿ ಸಂಬಂಧ ಮುರಿಯುವಂತಿಲ್ಲ. ತಾವು ಕೈ ಅಡ್ಡ ಹಿಡಿದಿರಿ. “ಮೊದಲು ಹುಡುಗ ಏಳು ತಲೆಮಾರಿನ ಏಳು ಅಪ್ಪಂದಿರ ಹೆಸರು ಹೇಳ್ಲಿ. ಏಳರೊಳಗೆ ನಮ್ಮ ರಕ್ತ ಸಿಕ್ರೆ ಮದುವೆ ಇಲ್ಲ!” ಪಾಪ, ಹುಡುಗ ಐದನೆಯ ಅಪ್ಪನ ಹತ್ತಿರ ತೊದಲಿದ. ಯಾವುದೋ ಊರಿನ ಮುದುಕರಿಗೆ ಫೋನ್ ಹೋಯಿತು. ಇತ್ಯರ್ಥವಾಗುವ ಹೊತ್ತಿಗೆ ಕೊಬ್ಬು ತಣ್ಣಗೆ ಗಟ್ಟಿಯಾಗಿತ್ತು. ತಾವು ಬೇಸರಿಸದೆ ಕಾದಿರಿ. ಅಳಿಯನ ಕೊರಳಿಗೂ ಹೆಸರಿನ ಚೀಟಿ ಅಂಟಿಸಿದ್ದರೆ ಓದಿ ತೃಪ್ತರಾಗುತ್ತಿದ್ದಿರೇ?

ಆ ಶ್ರದ್ಧೆಯಲ್ಲಿ ಮೂರು ದಿನವನ್ನು ನನ್ನ ಅಕ್ಕನಿಗೆ ಕೊಡಿ. ಕೆಟಲ್ ಕೆಳಗಿಳಿಸಿ. ಕಸೂತಿ ಬಟ್ಟೆ ಮಡಚಿಡಿ. ಅಕ್ಕನ ರಕ್ತದಿಂದ ಬಂದದ್ದರ ಜೀನು, ಸೀಸೆಯದರ ಜೀನು, ಮೂಲ ತಳಿಯ ಜೀನು, ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ, ಉತ್ತರವನ್ನು ನೇರವಾಗಿ ಡಾಕ್ಟರ್ ಅಯ್ಚೂರೆಕ್ ಅವರಿಗೆ ತಿಳಿಸಿ. ತಪ್ಪು ತಮ್ಮ ಕಚೇರಿಯದೆಂದು ಬಂದರೆ ನಾನು ಅದರ ಬಗ್ಗೆ ಒಂದು ಸಾಲೂ ಬರೆಯುವುದಿಲ್ಲ, ಹಾಸ್ಯಗಾರನ ಆಣೆ. ಉತ್ತರ ಬರುವವರೆಗೆ ಡಾಕ್ಟರು ಸಿರಿಂಜು ಮುಟ್ಟುವುದಿಲ್ಲ. ಜ್ವರ ಮಾತ್ರ ಯಾರ ಮುದ್ರೆಗೂ ಕಾಯದೆ ಸಂಜೆಗೆ ಸರಿಯಾಗಿ ಬರುತ್ತಿದೆ.

ಇಂತಿ,
ತನ್ನ ಏಳು ಅಪ್ಪಂದಿರ ಹೆಸರನ್ನು ನಿದ್ದೆಗಣ್ಣಲ್ಲೂ ಹೇಳಬಲ್ಲ, ಅಕ್ಕನ ರಕ್ತದಲ್ಲಿ ಸೇರಿಕೊಂಡವನ ಹೆಸರು ಮಾತ್ರ ತಿಳಿಯದ,
ಝುಮಾಕದಿರ್